ಗಿಡ್ಡ ಗಾಡಿಯ ಉಡಿ

ಹಳೆಯ ಮೋಟಾರುಗಳ ಅಸಲಿ ಸಾಮಾನು ಹುಡುಕುವ ಕೆಲಸಕ್ಕೆ ಬರಬೇಕೆಂದಿರುವವರು ಮೊದಲು ಕಲಿಯಬೇಕಾದದ್ದು ಪಾನಾ ಹಿಡಿಯುವುದನ್ನಲ್ಲ, ಕಂಡವರ ಅಡುಗೆಮನೆಯಲ್ಲಿ ಕೂರುವುದನ್ನು. ಹೀಗೆ ಹೇಳಿದರೆ ಈಗಿನವರು ನಗುತ್ತಾರೆ. ಮೊನ್ನೆ ಧಾರವಾಡದಿಂದ ಬಂದಿದ್ದ ಇಬ್ಬರೂ ನಕ್ಕರು. ಎಂಜಿನಿಯರಿಂಗ್ ಓದಿದವರಂತೆ, ಈ ಕಸುಬಿಗೆ ಇಳಿಯುತ್ತಾರಂತೆ, ನನ್ನ ಅನುಭವ ಬೇಕಂತೆ. "ಮೇಡಂ, ನೀವು ಡೇಟಾ ಎಲ್ಲಿಂದ ತರ್ತಿದ್ರಿ?" ಎಂದು ಕೇಳಿದರು. ರೊಟ್ಟಿ ಬುಟ್ಟಿಯಿಂದ ಎಂದೆ. ಮುದುಕಿಗೆ ತಮಾಷೆ ಜಾಸ್ತಿ ಎಂದುಕೊಂಡು ಚಹಾ ಕುಡಿದು ಹೋದರು. ಅವರಿಗೆ ಬಾಯಲ್ಲಿ ಹೇಳಿ ಮುಗಿಸಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಹತ್ತಿರ ನಮ್ಮಪ್ಪನದು ಮೋಟಾರು ಸಾಮಾನಿನ ಅಂಗಡಿ. ಮನೆಗೆ ನಾನೊಬ್ಬಳೇ ಮಗಳು. ಸಾಲಿ ಬಿಟ್ಟ ಮೇಲೆ ಗಲ್ಲೆಯ ಹಿಂದೆ ಕೂರುತ್ತಿದ್ದೆ. ಯಾವ ಬೇರಿಂಗ್ ಯಾವ ಗಾಡಿಯದು ಎಂಬುದು ಕೈಗೆ ಗೊತ್ತಾಗುತ್ತಿತ್ತು, ತಲೆಗೆ ಆಮೇಲೆ. ಅಪ್ಪ ತೀರಿಕೊಂಡು ಅಂಗಡಿ ಮುಚ್ಚಿದಾಗ ನಮ್ಮ ಕಾಯಂ ಗಿರಾಕಿಯಾಗಿದ್ದ ರಸೂಲಸಾಬರು ಮನೆಗೆ ಬಂದರು.

"ನಿಮ್ಮಪ್ಪನ ಅಂಗಡಿ ಮುಚ್ಚಿತು. ನಿನ್ನ ಕಣ್ಣ ಮುಚ್ಚಿಲ್ಲಲ್ಲ ನೀಲವ್ವಾ? ನಾಳಿಂದ ಗ್ಯಾರೇಜಿಗೆ ಬಾ" ಎಂದರು.

ಹಾಗೆ ಅವರು ನನ್ನ ಉಸ್ತಾದರಾದರು, ಮೇಲಧಿಕಾರಿಯಾದರು, ದಿನಕ್ಕೊಂದು ಜಗಳಕ್ಕೂ ಆದರು. ಗ್ಯಾರೇಜಿನ ಹಿಂದೆಯೇ ಅವರ ಮನೆ. ಜಗಳ ಜೋರಾದರೆ ಅವರ ಹೆಂಡತಿ ಖೈರುನಬಿ ಎರಡು ಕಪ್ ಚಹಾ ತಂದು ನಡುವೆ ಇಡುತ್ತಿದ್ದರು. ಚಹಾ ಆರುವುದರೊಳಗೆ ರಾಜಿಯಾಗಬೇಕು ಎಂಬುದು ಅವರ ಕಾಯ್ದೆ.

ನಮ್ಮಲ್ಲಿಗೆ ಬರುತ್ತಿದ್ದವು ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಓಡುವ ಹಳೆಯ ವಿಲಾಯತಿ ಸ್ಪೋರ್ಟ್ಸ್ ಕಾರುಗಳು. ನಮ್ಮ ಹಳ್ಳಿಗಳಲ್ಲಿ ಅವಕ್ಕೆ ಗಿಡ್ಡ ಗಾಡಿ ಎನ್ನುತ್ತಿದ್ದರು. ಒಂದು ಕಾಲಕ್ಕೆ ವಾಡೆಗಳಲ್ಲಿ, ಹತ್ತಿ ವ್ಯಾಪಾರಿಗಳ ಮನೆಗಳಲ್ಲಿ ಮೆರೆದವು. ಆಮೇಲೆ ಮಾಲೀಕರು ಮುದುಕರಾದರು, ಗಾಡಿ ದನದ ಕೊಟ್ಟಿಗೆ ಸೇರಿತು, ಒಂದೊಂದೇ ಸಾಮಾನು ಕಳಚಿ ಊರವರ ಸಂಸಾರದಲ್ಲಿ ಬೆರೆತುಹೋಯಿತು. ಅದನ್ನು ಹುಡುಕಿ, ಇದು ಇದೇ ಗಾಡಿಯದು ಎಂದು ಖಾತ್ರಿ ಮಾಡಿಕೊಂಡು ತರುವುದು ನನ್ನ ಕೆಲಸ. ಅದನ್ನು ನಂಬದೆ ಮೂರು ಸಲ ತಿರುಗಿಸಿ ನೋಡುವುದು ಉಸ್ತಾದರ ಕೆಲಸ. "ಅಸಲಿ ಇದ್ದರ ಹಚ್ಚು, ಇಲ್ಲಾಂದ್ರ ಅಲ್ಲಿ ತೂತ ಬಿಡು. ಸುಳ್ಳ ಸಾಮಾನಕಿಂತ ಖರೇ ತೂತ ಚಲೋ" ಎನ್ನುತ್ತಿದ್ದರು.

ಅಡುಗೆಮನೆಯ ಮಾತಿಗೆ ಬರುತ್ತೇನೆ. ಮೊದಲ ವರ್ಷ ಸಿರಸಂಗಿಯ ಒಂದು ಮನೆಯಲ್ಲಿ ಗಾಲಿಯ ಮೇಲಿನ ಉಕ್ಕಿನ ಮುಚ್ಚಳ ಇದೆಯೆಂದು ಸುದ್ದಿ ಬಂತು. ಗ್ಯಾರೇಜಿನ ಗಂಡಸರು ಎರಡು ಸಲ ಹೋಗಿ, ಪಡಸಾಲೆಯಲ್ಲಿ ಕೂತು, ಯಜಮಾನರ ಜೊತೆ ಮಳೆ ಬೆಳೆ ಮಾತಾಡಿ, ಇಲ್ಲವೆನ್ನಿಸಿಕೊಂಡು ಬಂದರು. ಮೂರನೆಯ ಸಲ ನಾನು ಹೋದೆ. ಗಂಡಸರ ಜೊತೆ ನನಗೇನು ಕೆಲಸ? ನೆಟ್ಟಗೆ ಒಳಗೆ ಹೋಗಿ ಆ ಮನೆಯ ಸೊಸೆಯ ಪಕ್ಕ ಕೂತು ರೊಟ್ಟಿ ಬಡಿಯಲು ಶುರು ಮಾಡಿದೆ. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಸಾರಿನ ಗಡಿಗೆಯ ಮೇಲೆ ಕಂಪನಿಯ ಗುರುತು ಒತ್ತಿದ ನಮ್ಮ ಮುಚ್ಚಳ ಕುಣಿಯುತ್ತಿತ್ತು. ಯಜಮಾನರಿಗೆ ತಮ್ಮ ಮನೆಯ ಸಾರಿಗೆ ಯಾವ ಮುಚ್ಚಳ ಎಂದು ಹೇಗೆ ಗೊತ್ತಿರಬೇಕು? ಬಾಯಿಗೆ ಬಿದ್ದರೆ ಸಾಕಲ್ಲ.

ಅದಕ್ಕೆ ಬದಲಾಗಿ ಹೊಸ ಸ್ಟೀಲಿನ ಮುಚ್ಚಳ ಕೊಟ್ಟು ತಂದೆ. ಉಸ್ತಾದರು ಮೂಸಿ ನೋಡಿದರು.

"ಸಾರಿನ ವಾಸನಿ ಹೊಡಿಯಾಕ ಹತ್ತೇತಿ" ಎಂದರು.

"ಅಸಲಿ ಸಾರು ಉಸ್ತಾದ್ರ" ಎಂದೆ.

ಅಂದಿನಿಂದ ಚೀಲದ ತುಂಬ ಸ್ಟೀಲ್ ಪಾತ್ರೆ-ಬಾಂಡೆ ಹೊತ್ತು ಬಸ್ಸು ಹತ್ತುವುದು ನನ್ನ ಪದ್ಧತಿಯಾಯಿತು. ಸವದತ್ತಿ ಕಡೆಯ ಎಷ್ಟೋ ಊರುಗಳಲ್ಲಿ ನಾನು ಇಂದಿಗೂ ಬಾಂಡೆ ಮಾರುವವಳೇ.

ತಪ್ಪುಗಳನ್ನೂ ಹೇಳಬೇಕು, ಕಲಿಯುವುದು ಅವುಗಳಿಂದ ತಾನೆ. ಯರಗಟ್ಟಿಯ ಸಂತೆಯಲ್ಲಿ ಒಬ್ಬ ಹಳೆ ಕಬ್ಬಿಣದ ಮೋಡಕಾ ವ್ಯಾಪಾರಿ ತುಕ್ಕು ಹಿಡಿದ ಒಂದು ದೀಪದ ಬಳೆ ಕೊಟ್ಟ. ಏನು ತುಕ್ಕು, ಏನು ಹಳತನ! ನಾನು ಕುಣಿಯುತ್ತ ತಂದೆ. ಉಸ್ತಾದರು ಮೂಗಿಗೆ ಹಿಡಿದು, "ಇದನ್ನ ಮಜ್ಜಿಗ್ಯಾಗ ನೆನಸಿ ತಿಪ್ಪ್ಯಾಗ ಹುಗದಾರ. ಹೋದ ತಿಂಗಳದ ಸಾಮಾನ ಇದು" ಎಂದರು. ಮೂಸಿದೆ. ಹೌದು, ಹುಳಿ ಮಜ್ಜಿಗೆ. ಬೆಳ್ಳಗಿರುವುದೆಲ್ಲ ಹಾಲಲ್ಲ, ತುಕ್ಕು ಹಿಡಿದದ್ದೆಲ್ಲ ಹಳೆಯದಲ್ಲ.

ಇದಕ್ಕಿಂತ ದೊಡ್ಡದು ಫೋಟೋದ ತಪ್ಪು. ಒಬ್ಬ ಅಜ್ಜನ ಮನೆಗೆ ಹೋಗಿ, ನಿಮ್ಮ ಸಾಹುಕಾರರ ಗಾಡಿಗೆ ಇಂಥ ದೀಪ ಇತ್ತೇ ಎಂದು ಫೋಟೋ ತೋರಿಸಿದೆ. "ಹೌದ್ರಿ ಬಾಯಾರ, ಇದ, ಇದ" ಎಂದ. ನಂಬಿ ಆ ದೀಪವನ್ನೇ ಗಾಡಿಗೆ ಜೋಡಿಸಿದೆವು. ಆಮೇಲೆ ಬೇರೆ ಫೋಟೋ ತೋರಿಸಿದವರಿಗೂ ಆತ ಅದನ್ನೇ ಹೇಳಿದ್ದನೆಂದು ತಿಳಿಯಿತು. ಸುಳ್ಳುಗಾರನೇನಲ್ಲ ಪಾಪ. ಬಿಸಿಲಲ್ಲಿ ನಡೆದು ಮನೆತನಕ ಬಂದ ಹೆಣ್ಣುಮಗಳಿಗೆ ಇಲ್ಲ ಎನ್ನಲು ಅವನಿಗೆ ಮನಸ್ಸಾಗಲಿಲ್ಲ. ನಮ್ಮ ಕಡೆಯ ಮರ್ಯಾದೆಯೇ ಅಂಥದು, ಕೇಳಿದ್ದಕ್ಕೆಲ್ಲ ಹೂಂ ಅನ್ನುತ್ತದೆ. ಅಂದಿನಿಂದ ನನ್ನ ನಿಯಮ: ಮೊದಲು ಅವರ ಬಾಯಿಂದ ಕೇಳಬೇಕು, ಆಮೇಲೆ ವಸ್ತು ತೋರಿಸಬೇಕು. ನೀವು ಉಳಿದದ್ದೆಲ್ಲ ಮರೆತರೂ ಇದೊಂದನ್ನು ನೆನಪಿಡಿ.

ಈ ನಿಯಮವೇ ನನ್ನ ಕೈಹಿಡಿದ ಪ್ರಕರಣ ಒಂದಿದೆ. ಅದನ್ನು ಬರೆಯಲಿಕ್ಕೆಂದೇ ನಾನು ಪೆನ್ನು ಹಿಡಿದದ್ದು.

ಪುಣೆಯ ಒಬ್ಬ ಸಾಹೇಬರು ಮುರುಕು ಗಿಡ್ಡ ಗಾಡಿಯೊಂದನ್ನು ಲಾರಿಯಲ್ಲಿ ಹೇರಿಕೊಂಡು ಬಂದರು. ಮಲಪ್ರಭೆಯ ದಂಡೆಯ ಒಂದು ಊರಿನ ದೇಸಾಯರ ವಾಡೆಯ ಗಾಡಿ ಅದು ಎಂದು ಅವರಿಗೆ ಮಾರಿದವರು ಹೇಳಿದ್ದರಂತೆ. ಆ ಊರು ಈಗಿಲ್ಲ. ನವಿಲುತೀರ್ಥದ ಅಣೆಕಟ್ಟು ಕಟ್ಟಿದಾಗ ಹಿನ್ನೀರಿನಲ್ಲಿ ಮುಳುಗಿತು. ಸಾಹೇಬರು ಒಳ್ಳೆಯ ಮನುಷ್ಯರು, ಮಾತು ಮೆದು. ಗಾಡಿ ಕಂಪನಿಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೆ ಮಾಡಿಕೊಡಬೇಕು, ಇದು ವಾಡೆಯದೇ ಹೌದೋ ಅಲ್ಲವೋ ಎಂದು ಉಸ್ತಾದರು ತಮ್ಮ ನಾಲಿಗೆಯಿಂದ ಹೇಳಬೇಕು, ಇಷ್ಟೇ ಅವರ ಅಪೇಕ್ಷೆ.

ಗಾಡಿಯ ಹಿತ್ತಾಳೆ ನಂಬರು ಪಟ್ಟಿ ಹಳೆಯದೇ. ಆದರೆ ಅದನ್ನು ಬಡಿದ ರಿವೆಟ್‌ಗಳು ಹೊಸವು. ಪಟ್ಟಿ ಯಾವ ಗಾಡಿಯದೋ, ಮೈ ಯಾವ ಗಾಡಿಯದೋ. ಚಾಸಿಯ ಮೇಲೆ ಕೊರೆದ ನಂಬರನ್ನು ತುಕ್ಕು ತಿಂದುಬಿಟ್ಟಿತ್ತು. ಉಸ್ತಾದರು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ.

ಹೀಗಿರುವಾಗ ಖಂಡೇಪೂಜೆ ಬಂತು. ಆ ದಿನ ನಾನು ಯಾವತ್ತೂ ಮನೆಯಲ್ಲಿ ಕೂತವಳಲ್ಲ. ವರ್ಷವಿಡೀ ಮೂಲೆಯಲ್ಲಿ ಬಿದ್ದ ಕಬ್ಬಿಣವೆಲ್ಲ ಆ ದಿನ ಮೈ ತೊಳೆದುಕೊಂಡು, ವಿಭೂತಿ ಹಚ್ಚಿಕೊಂಡು ಅಂಗಳಕ್ಕೆ ಬರುತ್ತದೆ. ಹುಡುಕುವವರಿಗೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಕಿತ್ತೂರಿನ ಹತ್ತಿರ ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದೆ. ಒಂದು ಇಟ್ಟಂಗಿ ಭಟ್ಟಿಯ ಪಕ್ಕದಲ್ಲಿ, ಟ್ರ್ಯಾಕ್ಟರು, ಸಲಿಕೆ, ಬುಟ್ಟಿಗಳ ಸಾಲಿನಲ್ಲಿ, ಚೆಂಡುಹೂವಿನ ಮಾಲೆ ಹಾಕಿಕೊಂಡು ಒಂದು ಗಿಡ್ಡ ಗಾಡಿಯ ಅಸ್ಥಿಪಂಜರ ಕೂತಿತ್ತು. ಬಸ್ಸು ನಿಲ್ಲಿಸಲು ಕೂಗಿದ ಕೂಗಿಗೆ ಕಂಡಕ್ಟರ್ ಯಾರೋ ಬಿದ್ದರೆಂದೇ ತಿಳಿದ.

ಭಟ್ಟಿಯ ಬಾಳಪ್ಪ ಪ್ರಸಾದ ಕೊಟ್ಟು ಕೂರಿಸಿದ. "ಕಬ್ಬಣ ಅಂದಮ್ಯಾಲ ಪೂಜಿ ಮಾಡಬೇಕಲ್ರೀ ಅಕ್ಕಾರ. ಓಡೂದಾದರೇನು, ಮುರದದ್ದಾದರೇನು. ನಮ್ಮಪ್ಪ ಇದನ್ನ ಡ್ಯಾಮಿನ ಕಂತ್ರಾಟದಾರನ ಕಡಿಂದ ತಂದಿದ್ದ" ಎಂದ. ಡ್ಯಾಮ್ ಎಂದದ್ದೇ ತಡ, ನನ್ನ ಕೈಯ ಕೊಬ್ಬರಿ ಚೂರು ಕೈಯಲ್ಲೇ ಉಳಿಯಿತು. ಆ ಗಾಡಿಗೆ ನಂಬರು ಪಟ್ಟಿಯೇ ಇರಲಿಲ್ಲ, ಪಟ್ಟಿ ಇದ್ದ ತೂತುಗಳಿದ್ದವು.

ಬಾಳಪ್ಪನನ್ನು ಒಪ್ಪಿಸಿ ಅದನ್ನೂ ಗ್ಯಾರೇಜಿಗೆ ತಂದೆವು. ಈಗ ಎರಡು ಗಾಡಿ ಅಕ್ಕಪಕ್ಕ ನಿಂತವು, ಒಂದೇ ಮಾದರಿ, ಒಂದೇ ತುಕ್ಕು. ನಮ್ಮ ಫಿಟ್ಟರ್ ಯಲ್ಲಪ್ಪನಿಗೆ ಎರಡರ ಬಾಗಿಲು, ಸೀಟು ಎಲ್ಲ ಬಿಚ್ಚಿ ತೊಳೆಯಲು ಉಸ್ತಾದರು ಹೇಳಿದರು. ನಾನು ಮುಳುಗಿದ ಊರಿನವರನ್ನು ಹುಡುಕುತ್ತ ಹೊರಟೆ. ಅವರಿಗೆಂದು ಸರ್ಕಾರ ಕಟ್ಟಿಕೊಟ್ಟ ಹೊಸ ಊರಿನ ನಲ್ಲಿಯ ಹತ್ತಿರ ನೀರಿಗೆ ನಿಂತಿದ್ದ ಹೆಂಗಸರು ಹೇಳಿದರು, ದೇಸಾಯರ ಮಗಳೊಬ್ಬರು ಇದ್ದಾರೆ, ರಾಮದುರ್ಗಕ್ಕೆ ಕೊಟ್ಟಿದ್ದು, ಎಲ್ಲರೂ ಅಕ್ಕಾಸಾಹೇಬ ಎನ್ನುತ್ತಾರೆ ಎಂದು.

ರಾಮದುರ್ಗದ ಆ ಮನೆ ತುಂಬ ಗದ್ದಲ. ಮಗ, ಸೊಸೆ, ಮೊಮ್ಮಕ್ಕಳು, ಯಾರೋ ನೆಂಟರು. ನಡುಮನೆಯಲ್ಲಿ ಅಕ್ಕಾಸಾಹೇಬರು ಕಡಲೆ ಹಸನು ಮಾಡುತ್ತ ಕೂತಿದ್ದರು. ಎಂಬತ್ತರ ಹತ್ತಿರದ ವಯಸ್ಸು, ಬೆನ್ನು ಮಾತ್ರ ನೆಟ್ಟಗೆ. ನಾನು ಯಾವ ಗಾಡಿಯ ಹೆಸರನ್ನೂ ಎತ್ತಲಿಲ್ಲ, ಫೋಟೋ ತೆಗೆಯಲಿಲ್ಲ. ಮೊರದ ಇನ್ನೊಂದು ಬದಿಗೆ ಕೂತು ಕಡಲೆಗೆ ಕೈ ಹಾಕಿ, ತವರಿನ ಮಾತು ತೆಗೆದೆ. ಹೆಂಗಸರಿಗೆ ಆ ಬಾಗಿಲು ತೆರೆಯಲು ಕೀಲಿ ಬೇಕಾಗುವುದಿಲ್ಲ.

"ನಾಗರ ಪಂಚಮಿ ಬಂತಂದ್ರ ನಮ್ಮ ಅಣ್ಣ ಗಿಡ್ಡ ಗಾಡಿ ತಗೊಂಡ ಬರತಿದ್ದ" ಎಂದರು. "ಓಣಿ ತುದಿಗೆ ಬಂದ ಹಾರ್ನ್ ಹೊಡೀತಿದ್ದ. ಅಷ್ಟೊತ್ತಿಗೆ ನಾ ಅರಿವಿ ಗಂಟ ಕಟಗೊಂಡ ಬಾಗಲದಾಗ ನಿಂತಿರತಿದ್ದೆ. ನಮ್ಮೂರ ಅಗಸಿ ಬಾಗಲ ಮುಂದ ಮತ್ತೊಮ್ಮೆ ಹೊಡೀತಿದ್ದ. ಅವ್ವ ಕೈಯಾಗಿನ ಕೆಲಸ ಅಲ್ಲೇ ಬಿಟ್ಟ ಓಡಿ ಬರತಿದ್ಲು."

ಕಡಲೆಯಲ್ಲಿ ಸಿಕ್ಕ ಹರಳೊಂದನ್ನು ಆರಿಸಿ ಎಸೆದರು.

"ಅಣ್ಣ ಹ್ವಾದ. ಹಿಂದಿಂದ ಊರೂ ಹ್ವಾತು. ನೀರ ಬರೂ ಮುಂದ ಗಾಡಿ ಯಾರಿಗೆ ಬೇಕಬೇ? ಕಂತ್ರಾಟದಾರಗ ಕೊಟ್ಟರು. ಅವ್ವ ಅಂದ್ಲು, ಈ ಗಾಡಿ ನನ್ನ ಮಗಳನ್ನ ಕರಕೊಂಡ ಬರತಿತ್ತು, ಇದೂ ನನ್ನ ಮಗಳ ಇದ್ದಂಗ, ಬರಿ ಉಡೀಲೆ ಹ್ಯಾಂಗ ಕಳಸೂದು ಅಂತ. ಉಡಿ ತುಂಬಿದಳು."

"ಗಾಡಿಗೆ ಉಡಿ ಎಲ್ಲಿರತೇತ್ರಿ ಅಕ್ಕಾರ?" ಎಂದೆ.

"ನಾ ಕುಂದರತಿದ್ದ ಬಾಜೂದ ಬಾಗಲದಾಗ. ಎಡಕಿನ ಬಾಗಲದ ಒಳಗ ಒಂದು ಸಂದಿ ಇತ್ತು, ಅದರಾಗ ತುರುಕಿದ್ಲು. ಹಸರ ಖಣ, ಉತ್ತತ್ತಿ, ಅಡಕಿ, ಅರಿಷಿಣ ಕೊಂಬ. ಅಕ್ಕಿ ಇರಲಿಲ್ಲ. ಚೀಲ ಎಲ್ಲಾ ಬಂಡ್ಯಾಗ ಹೇರಿದ್ವು. ಕೈಗೆ ಸಿಕ್ಕದ್ದ ಜ್ವಾಳಾ, ಅದನ್ನ ಹಾಕಿದ್ಲು. ಉಡಿ ತುಂಬಿಸಿಕೊಂಡ ಹೋದ ಮಗಳು ಒಮ್ಮೆರೆ ತಿರುಗಿ ಬರಬೇಕಲ್ಲ? ಬರಲಿಲ್ಲ ನೋಡು."

ಆಗ ನಾನು ಬಂದ ಕಾರಣ ಹೇಳಿದೆ. ಅವರು ಮೊರ ಸರಿಸಿದರು. ಎದ್ದು ಒಳಗೆ ಹೋಗಿ, ಹಳೆಯ ಸೀರೆಯಲ್ಲಿ ಸುತ್ತಿದ್ದ ಒಂದು ರಬ್ಬರ್ ಗುಂಡಿನ ಹಾರ್ನ್ ತಂದು ನನ್ನ ಮಡಿಲಲ್ಲಿಟ್ಟರು. ಅಣ್ಣ ಬೆಳಗಾವಿಯಿಂದ ತಂದು ಹಚ್ಚಿಸಿದ್ದಂತೆ. ಗಾಡಿ ಹೋಗುವಾಗ ತಾಯಿ ಅದೊಂದನ್ನು ಬಿಚ್ಚಿಟ್ಟುಕೊಂಡಿದ್ದರಂತೆ.

"ಗಾಡಿ ಸಿಕ್ಕರ ಒಂದ ಪಂಚಮಿಗೆ ನನ್ನ ಕರಿಯಾಕ ಕಳಸವಾ. ಆದರ ಅದ ಆಗಿರಬೇಕು. ಅದರಂಥಾದ್ದ ಬ್ಯಾಡ. ಅದರಂಥಾವು ಊರ ತುಂಬ ಅದಾವು."

ಅಸಲಿಯ ಬಗ್ಗೆ ನಾನು ಓದಿದ್ದೆಷ್ಟೋ, ಉಸ್ತಾದರಿಂದ ಬೈಸಿಕೊಂಡದ್ದೆಷ್ಟೋ. ಅದು ಯಾಕೆ ಬೇಕು ಎಂಬುದು ನನಗೆ ತಿಳಿದದ್ದು ಆ ನಡುಮನೆಯಲ್ಲಿ.

ಬಸ್ಸಿನಲ್ಲಿ ಬರುವಾಗ ನೆನಪಾಯಿತು. ಎರಡೂ ಗಾಡಿಯ ಬಾಗಿಲುಗಳನ್ನು ಯಲ್ಲಪ್ಪ ಆಗಲೇ ಬಿಚ್ಚಿ ತೊಳೆದಿದ್ದಾನೆ. ಯಾವ ಗಂಟಿನ ಮಾತನ್ನೂ ಅವನು ಎತ್ತಿರಲಿಲ್ಲ. ಗ್ಯಾರೇಜಿಗೆ ಕಾಲಿಡುತ್ತಲೇ ಕೇಳಿದೆ.

"ಯಲ್ಲಪ್ಪಾ, ಬಾಗಲದಾಗ ಏನ್ ಸಿಕ್ಕಿತೋ?"

ಅವನು ಕೈಯ ಪಾನಾ ಕೆಳಗಿಟ್ಟ. "ಅಕ್ಕಾರ, ಸಿಟ್ಟಿಗೇಳಬ್ಯಾಡ್ರಿ. ಅದು ಮಾಟಾ ಇತ್ರಿ."

"ಏನ್ ಮಾಟಾ?"

"ಕಿತ್ತೂರ ಗಾಡಿ ಎಡಕಿನ ಬಾಗಲದಾಗ ಅರಿವಿ ಗಂಟ ಇತ್ರಿ. ಅರಿಷಿಣ ಕೊಂಬ, ಅಡಕಿ. ಮೋಟಾರ ಬಾಗಲದಾಗ ಅದನ್ನ ಯಾಕ ಇಡತಾರ್ರಿ, ಯಾರೋ ಆಗಲಾರದವರು ಮಾಡಿಸಿದ್ದ. ನಾ ಮುಟ್ಟಲಿಲ್ಲ. ಇಕ್ಕಳದಾಗ ಹಿಡದ ಬಣ್ಣದ ಡಬ್ಬ್ಯಾಗ ಹಾಕಿ, ಮುಚ್ಚಳಾ ಬಡದ, ನಿಂಬಿಹಣ್ಣ ಇಳಿಸಿ ಬೇವಿನ ಗಿಡದ ಬುಡಕ ಹುಗದೇನಿ. ಅವತ್ತಿಂದ ನನಗ ಮೈಯಾಗ ಆರಾಮಿಲ್ರಿ."

ಉಸ್ತಾದರು ಕೆಂಡವಾದರು. "ನನಗ ಯಾಕ ಹೇಳಲಿಲ್ಲ?"

"ಹೇಳಿದರ ನಿಮಗೂ ಹತ್ತತಿತ್ರಿ."

ಅವನನ್ನು ಬೈಯುವುದೋ ಮುದ್ದಾಡುವುದೋ ನನಗೆ ತಿಳಿಯಲಿಲ್ಲ. ಕಸದ ಬುಟ್ಟಿಗೆ ಎಸೆದಿದ್ದರೆ ಹೋಗಿಯೇ ಹೋಗಿತ್ತು. ಹೆದರಿಕೆಯಿಂದ ಜೋಪಾನ ಮಾಡಿದ್ದ ಪುಣ್ಯಾತ್ಮ. ಹಿತ್ತಲಿನ ಬೇವಿನ ಗಿಡದ ಬುಡ ಅಗೆದು ಡಬ್ಬಿ ತೆಗೆದೆವು. ತೆರೆಯಲು ಯಾರೂ ಮುಂದೆ ಬರಲಿಲ್ಲ. ಖೈರುನಬಿ ದೂರ ನಿಂತು ದುವಾ ಹೇಳುತ್ತಿದ್ದರು. ಉಸ್ತಾದರಂಥ ಉಸ್ತಾದರೂ ನನ್ನ ಹಿಂದೆ ನಿಂತರು. ನಾನೇ ಮುಚ್ಚಳ ಎಬ್ಬಿಸಿದೆ.

ಹಸಿರು ಖಣ. ಬಣ್ಣ ಮಾಸಿತ್ತು, ಮಡಿಕೆಯ ಒಳಗೆ ಮಾತ್ರ ಹೊಸದರಂತೆ ಹಸಿರು. ಕಲ್ಲಾಗಿದ್ದ ಉತ್ತತ್ತಿ, ಅಡಿಕೆ, ಅರಿಷಿಣದ ಕೊಂಬು. ಮತ್ತೆ ಹುಳು ತಿಂದು ಪುಡಿಯಾಗಿ, ನಡುನಡುವೆ ಇಡೀ ಕಾಳು ಉಳಿದಿದ್ದ ಜೋಳ. ಅಕ್ಕಿಯಲ್ಲ, ಜೋಳ.

ನಾನು ರಾಮದುರ್ಗದ ಮಾತನ್ನೆಲ್ಲ ಹೇಳಿದೆ. ಉಸ್ತಾದರು ಆ ಸಲ ತಿರುಗಿಸಿ ನೋಡಲಿಲ್ಲ, ಮೂಸಲಿಲ್ಲ. "ಅಸಲಿ" ಎಂದಷ್ಟೇ ಹೇಳಿ ತಲೆಯ ಟೋಪಿ ಸರಿ ಮಾಡಿಕೊಂಡರು.

ಪುಣೆಯ ಸಾಹೇಬರು ಸುದ್ದಿ ಕೇಳಿ ಬಂದು, ತಮ್ಮ ಗಾಡಿಯ ಪಕ್ಕ ಬಹಳ ಹೊತ್ತು ನಿಂತರು. ಬೇಸರವಾಗಿತ್ತು, ಆಗದೆ ಇರುತ್ತದೆಯೇ? ಆದರೂ ಕಿತ್ತೂರಿನದನ್ನೇ ಎತ್ತಿ ನಿಲ್ಲಿಸಿ, ತಾವೇ ತೆಗೆದುಕೊಳ್ಳುವುದಾಗಿ ಹೇಳಿದರು. ಪುಣೆಗೆ ಹೋಗುವ ಮೊದಲು ಒಂದು ಪಂಚಮಿ ಅಕ್ಕಾಸಾಹೇಬರದು ಎಂಬುದಕ್ಕೆ ಕೂಡಲೇ ಒಪ್ಪಿದರು. ಕಂಪನಿ ಕೊಟ್ಟದ್ದಲ್ಲದೆ ಒಂದು ಸ್ಕ್ರೂ ಕೂಡ ಇರಬಾರದು ಎಂಬ ಕರಾರು ಮಾತ್ರ ಹಾಗೇ ಉಳಿಯಿತು.

ಗಾಡಿ ಎದ್ದು ನಿಲ್ಲುವ ಹೊತ್ತಿಗೆ ಮತ್ತೊಂದು ಶ್ರಾವಣ ಬಂದಿತ್ತು. ಹಾರ್ನಿನ ಮೇಲೆ ನಮ್ಮಿಬ್ಬರ ಜೀವಮಾನದ ದೊಡ್ಡ ಜಗಳವಾಯಿತು.

"ಅದು ಕಂಪನಿದ್ದಲ್ಲ. ನನ್ನ ಗಾಡಿ ಮ್ಯಾಲ ಹತ್ತಂಗಿಲ್ಲ" ಎಂದರು ಉಸ್ತಾದರು.

"ಅಕ್ಕಾಸಾಹೇಬರಿಗೆ ಕಂಪನಿ ಬೇಕಾಗಿಲ್ರಿ, ಅಣ್ಣ ಬೇಕಾಗ್ಯಾನ."

"ಅಸಲಿ ಅಂದ್ರ ಅಸಲಿ."

"ಅಣ್ಣನ ಕೈ ಮುಟ್ಟಿದ್ದು ಯಾವುದ್ರಿ ಇದರಾಗ? ಹೊಸಾ ಟಾಯರೋ, ಹೊಸಾ ಬಣ್ಣೋ?"

ಚಹಾ ಆರಿತು, ರಾಜಿಯಾಗಲಿಲ್ಲ. ಎಷ್ಟೋ ದಿನ ಮಾತು ಬಿಟ್ಟೆವು. ಪಂಚಮಿಯ ಬೆಳಗ್ಗೆ ಗ್ಯಾರೇಜಿಗೆ ಹೋಗಿ ನೋಡುತ್ತೇನೆ, ಉಸ್ತಾದರು ಗಾಡಿಯ ಬಾಗಿಲ ಪಕ್ಕ ತಂತಿಯಿಂದ ಹಾರ್ನ್ ಬಿಗಿಯುತ್ತಿದ್ದರು. "ತಂತಿ ಕಟ್ಟೇನಿ, ತೂತ ಕೊರದಿಲ್ಲ. ಸಂಜಿಗೆ ಬಿಚ್ಚತೇನಿ" ಎಂದು ಗೋಡೆಗೆ ಹೇಳಿದರು.

ಗಾಡಿಯಲ್ಲಿ ಎರಡೇ ಸೀಟು. ಉಸ್ತಾದರೇ ಓಡಿಸಿದರು. ನಾನೂ ಯಲ್ಲಪ್ಪನೂ ಜೀಪಿನಲ್ಲಿ ಹಿಂದೆ. ರಾಮದುರ್ಗದ ಆ ಓಣಿಯ ತುದಿಯಲ್ಲಿ ಉಸ್ತಾದರು ಹಾರ್ನ್ ಒತ್ತಿದರು. ಅಕ್ಕಾಸಾಹೇಬರು ಅರಿವೆಯ ಗಂಟು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಯಾವಾಗಿಂದ ನಿಂತಿದ್ದರೋ. ಯಾರ ಕೈಯನ್ನೂ ಹಿಡಿಯದೆ ಇಳಿದು ಬಂದು, ಎಡಗಡೆಯ ಬಾಗಿಲು ತಾವೇ ತೆರೆದು ಕೂತರು.

ಸವದತ್ತಿಯ ಕಡೆ, ಹಿನ್ನೀರಿನ ದಂಡೆಯಲ್ಲಿ ರಸ್ತೆ ಮುಗಿಯುತ್ತದೆ. ಅಲ್ಲಿಗೆ ಹೋಗಿ ನಿಂತೆವು. ಮುಂದೆ ಕಣ್ಣು ಹಾಯುವವರೆಗೂ ನೀರು. "ಅಗಸಿ ಇಲ್ಲೇ ಎಲ್ಲೋ ಬರತೇತಿ. ಹೊಡಿ" ಎಂದರು ಅಕ್ಕಾಸಾಹೇಬರು. ಉಸ್ತಾದರು ನೀರಿಗೆ ಮುಖ ಮಾಡಿ ಹಾರ್ನ್ ಒತ್ತಿದರು. ದಂಡೆಯ ಬೆಳ್ಳಕ್ಕಿಗಳು ಎದ್ದವು, ಮತ್ತೆ ಕೂತವು. ಯಾರೂ ಓಡಿ ಬರಲಿಲ್ಲ. ಅಕ್ಕಾಸಾಹೇಬರು ಸೆರಗು ಬಾಯಿಗೆ ಹಿಡಿದುಕೊಂಡು ಕೂತೇ ಇದ್ದರು. ನನಗೆ ನೋಡಲಾಗಲಿಲ್ಲ.

ಆಮೇಲೆ ಇಳಿದು, ಹಳೆಯ ಉಡಿಯನ್ನು ನೀರಿಗೆ ಬಿಟ್ಟರು. ಗಂಟು ಬಿಚ್ಚಿ ಹೊಸ ಖಣ ತೆಗೆದು ಗಾಡಿಗೆ ಮತ್ತೆ ಉಡಿ ತುಂಬಿದರು. ಮನೆಯಲ್ಲಿ ಅಕ್ಕಿ ಬೇಕಾದಷ್ಟಿತ್ತು, ಜೋಳವನ್ನೇ ತಂದಿದ್ದರು. ಎಡಗಡೆಯ ಬಾಗಿಲಿನ ಸಂದಿಯಲ್ಲಿ ತಾವೇ ತುರುಕಿದರು. ಕಂಪನಿ ಕೊಟ್ಟದ್ದಲ್ಲ ಎಂದು ಉಸ್ತಾದರು ಹೇಳಲಿಲ್ಲ.

ತಿರುಗಿ ಹೊರಡುವಾಗ ಅಕ್ಕಾಸಾಹೇಬರು ನನ್ನನ್ನು ಕರೆದರು. "ನಿನ್ನ ತವರಮನಿ ಯಾವೂರು?"

"ಇನ್ನೂ ಹುಟ್ಟಿದ ಮನಿಯಾಗ ಇದ್ದೇನ್ರಿ. ಲಗ್ನ ಆಗಲಿಲ್ಲ."

"ಹಂಗಾರ ಪಂಚಮಿಗೆ ನಿನ್ನ ಕರಿಯಾಕ ಯಾರೂ ಬಂದಿಲ್ಲ?"

ಯಾರೂ ನನ್ನನ್ನು ಈ ಪ್ರಶ್ನೆ ಕೇಳಿರಲಿಲ್ಲ. ತವರಲ್ಲೇ ಉಳಿದವಳಿಗೆ ತವರೂರು ಎಂಬುದಿಲ್ಲ. ಹೋಗದವಳನ್ನು ಕರೆಯಲು ಯಾರು ಬರುತ್ತಾರೆ? ಹುಡುಗಿಯಾಗಿದ್ದಾಗ ಗೆಳತಿಯರ ಅಣ್ಣಂದಿರು ಸೈಕಲ್ಲಿನ ಹಿಂದೆ ಗಂಟು ಕಟ್ಟಿ ಅವರನ್ನು ಕರೆತರುವುದನ್ನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ದೊಡ್ಡವಳಾದ ಮೇಲೆ ಪಂಚಮಿಯ ರಜೆಯಲ್ಲೂ ಗ್ಯಾರೇಜಿನ ಬೀಗ ತೆಗೆದು ನಟ್ಟು ಬೋಲ್ಟು ವಿಂಗಡಿಸುತ್ತಿದ್ದೆ. ಕೆಲಸದ ಮೇಲಿನ ನಿಷ್ಠೆ ಎಂದು ಎಲ್ಲರೂ ಹೊಗಳುತ್ತಿದ್ದರು. ನಿಷ್ಠೆಯೂ ಇಲ್ಲ, ಮಣ್ಣೂ ಇಲ್ಲ. ಆ ದಿನ ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ, ಅಷ್ಟೇ.

"ಬರೂ ಪಂಚಮಿಗೆ ನಾ ಗಾಡಿ ಕಳಸತೇನಿ. ಗಂಟ ಕಟಗೊಂಡ ಕುಂದ್ರು" ಎಂದರು ಅಕ್ಕಾಸಾಹೇಬರು. ಉಸ್ತಾದರು ಪಕ್ಕದಲ್ಲೇ ಗಾಜು ಒರೆಸುತ್ತಿದ್ದರು, ಕೇಳಿಸಿಕೊಂಡಂತೆ ಕಾಣಲಿಲ್ಲ.

ಗಾಡಿ ಪುಣೆಗೆ ಹೋಯಿತು. ಹಾರ್ನನ್ನು ಉಸ್ತಾದರು ಹೇಳಿದ ಹಾಗೆ ಸಂಜೆಯೇ ಬಿಚ್ಚಿದರು. ಹಿಂದಿರುಗಿಸಲು ಹೋದರೆ ಅಕ್ಕಾಸಾಹೇಬರು, "ನನ್ನ ಕೆಲಸ ಮುಗೀತು, ನಿಮ್ಮಲ್ಲೇ ಇರಲಿ" ಎಂದರು. ಗ್ಯಾರೇಜಿನ ಗೋಡೆಯ ಮೊಳೆಗೆ ಅದು ನೇತುಬಿತ್ತು. ಮುಂದಿನ ಪಂಚಮಿಯವರೆಗೆ ಅಕ್ಕಾಸಾಹೇಬರು ಉಳಿಯಲಿಲ್ಲ.

ಕಸುಬೂ ಬದಲಾಯಿತು. ಈಗ ಫೋಟೋ ಫೋನಿನಲ್ಲಿ ಬರುತ್ತದೆ, ಸಾಮಾನು ಪಾರ್ಸೆಲ್ಲಿನಲ್ಲಿ ಬರುತ್ತದೆ, ಅಚ್ಚುಹಾಕಿದ ಹಾಗೆ ಹೊಸದನ್ನೂ ಹಳೆಯದರಂತೆ ಮಾಡಿ ಕಳಿಸುತ್ತಾರೆ, ಮಜ್ಜಿಗೆಯ ವಾಸನೆ ಕೂಡ ಬರುವುದಿಲ್ಲ. ಬೇಗ ಆಗುತ್ತದೆ, ಒಪ್ಪುತ್ತೇನೆ. ಆದರೆ ಬಾಂಡೆ ಚೀಲ ಹೊತ್ತು ಇಳಿದಾಗ "ಬಾರವಾ, ಒಳಗ ಬಾ" ಎನ್ನುವ ದನಿ ಪಾರ್ಸೆಲ್ಲಿನಲ್ಲಿ ಬರುವುದಿಲ್ಲ. ಆ ದನಿಗೆ ನನ್ನ ಜೀವ ಈಗಲೂ ಎಳೆಯುತ್ತದೆ. ಮೊಣಕಾಲು ಬಸ್ಸು ಹತ್ತಲು ಒಲ್ಲೆ ಎಂದ ಮೇಲೆ ಕೆಲಸ ಬಿಟ್ಟೆ.

ಬಿಟ್ಟ ಮೇಲಿನ ಮೊದಲ ಪಂಚಮಿ. ಗ್ಯಾರೇಜಿನ ಬೀಗದ ಕೈ ನನ್ನ ಹತ್ತಿರ ಇರಲಿಲ್ಲ. ಓಣಿಯ ಹೆಣ್ಣುಮಕ್ಕಳೆಲ್ಲ ಬಂದಿಳಿಯುತ್ತಿದ್ದರು. ನಾನು ಕಿಟಕಿ ಹಾಕಿಕೊಂಡು ಕೂತಿದ್ದೆ. ಆಗ ಓಣಿಯ ತುದಿಯಲ್ಲಿ ಹಾರ್ನ್ ಕೇಳಿಸಿತು. ಅದೇ ದನಿ. ನನ್ನ ಕಿವಿ ಸುಳ್ಳು ಹೇಳುವ ಕಿವಿಯಲ್ಲ.

ಬಾಗಿಲು ತೆರೆದರೆ ಮೂರು ಗಾಲಿಯ ಒಂದು ಟಂಟಂ ಗಾಡಿ. ಅದರ ಕಂಬಿಗೆ ತಂತಿಯಿಂದ ಬಿಗಿದ ಹಾರ್ನ್. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಉಸ್ತಾದರು.

"ಇದೇನ್ರಿ ಉಸ್ತಾದ್ರ?"

"ಕರಿಯಾಕ ಬಂದೇನಿ, ಪಂಚಮಿ ಐತಿ. ಆ ತಾಯಿ ಅಂದ ಮಾತ ನಾ ಕೇಳೇನಿ. ಇಷ್ಟ ವರ್ಷ ನೀನ ಬೆಳಗ ಆಗೂದ್ರಾಗ ಬಂದ ಬೀಗಾ ತಗೀತಿದ್ದಿ, ಕರಿಯಾಕ ಬರೂದರ ಹ್ಯಾಂಗ?" ಎಂದರು. ಆಮೇಲೆ ಟಂಟಂ ಕಡೆ ನೋಡಿ, ಸ್ವಲ್ಪ ನಾಚಿಕೊಂಡು, "ಗಾಡಿ ಅದಲ್ಲ. ಹಾರ್ನ್ ಅಷ್ಟ ಅಸಲಿ. ಈ ಸಲ ಸುಧಾರಿಸಕೋ" ಎಂದರು.

ಅದರಂಥದ್ದನ್ನು ಜೀವಮಾನವೆಲ್ಲ ವಾಪಸು ಕಳಿಸಿದವಳು ನಾನು. ಆ ದಿನ ಏನನ್ನೂ ತಿರುಗಿಸಿ ನೋಡಲಿಲ್ಲ. ಗ್ಯಾರೇಜು ನಮ್ಮ ಮನೆಯಿಂದ ಕೂಗಳತೆ ದೂರ. ಆದರೂ ಒಳಗೆ ಹೋಗಿ ಎರಡು ಸೀರೆ ಹಾಕಿ ಗಂಟು ಕಟ್ಟಿಕೊಂಡು ಬಂದೆ.

ಗ್ಯಾರೇಜಿನೊಳಗೆ ಎಂಜಿನ್ ಎತ್ತುವ ತೊಲೆಗೆ ಯಲ್ಲಪ್ಪ ಹಗ್ಗ ಹಾಕಿ ಪಂಚಮಿಯ ಜೋಕಾಲಿ ಕಟ್ಟಿದ್ದ. ಅದು ಕಂಡದ್ದು ಆಮೇಲೆ. ಮೊದಲು ಗೇಟಿನ ಮುಂದೆ ಟಂಟಂ ನಿಂತಿತು. ಉಸ್ತಾದರು ಮತ್ತೊಮ್ಮೆ ಹಾರ್ನ್ ಒತ್ತಿದರು. ಒಳಗಿನಿಂದ ಖೈರುನಬಿ, ಹಬ್ಬದ ಉಂಡಿ ಕಟ್ಟುತ್ತಿದ್ದವರು, ಕೈಯ ಕೆಲಸ ಅಲ್ಲೇ ಬಿಟ್ಟು, ಬೆಲ್ಲ ಮೆತ್ತಿದ ಕೈಯಲ್ಲೇ ಓಡಿ ಬಂದರು.